ಶೇಂಗಾ ಬೇರಿನ ಗಂಟು ಸೀಳಿ ನೋಡಿದ್ದೀರಾ?

ಚಳ್ಳಕೆರೆ ಕಡೆ ನಮ್ಮ ಮಾವನವರ ಶೇಂಗಾ ಹೊಲ ಇದೆ. ಅಲ್ಲಿಗೆ ಹೋದಾಗಲೆಲ್ಲ ನನಗೊಂದು ಚಟ. ಒಂದು ಗಿಡ ಕಿತ್ತು, ಬೇರು ತೊಳೆದು, ಗಂಟು ಹುಡುಕುವುದು. ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡೋರ ಹಣೆಬರಹ! ಚಿಕ್ಕ ಚಿಕ್ಕ ಮಣಿಯಂಥ ಗಂಟುಗಳು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು.

"ಬೇರಿಗೆ ರೋಗ ಬಂದೈತೇನವ್ವಾ?" ಅಂತ ಮಾವ ಕೇಳಿದ್ದರು. ಅನುಮಾನ ಸಹಜವೇ. ನೆಮಟೋಡ್ ಹುಳ ಬಿದ್ದರೂ ಗಂಟಾಗುತ್ತದೆ. ಆದರೆ ಆಗ ಬೇರು ತಾನೇ ಊದಿಕೊಂಡಿರುತ್ತದೆ, ಗಂಟು ಬಿಡಿಸಲು ಬರುವುದಿಲ್ಲ. ಇದು ಪಕ್ಕಕ್ಕೆ ಅಂಟಿದ ಮಣಿ, ಉಜ್ಜಿದರೆ ಸಲೀಸಾಗಿ ಉದುರುತ್ತದೆ.

ಇದರೊಳಗೆ ಇರುವುದು ಬ್ರಾಡಿರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ. ಇಂಥ ಗಂಟಿನಿಂದ ಬ್ಯಾಕ್ಟೀರಿಯಾವನ್ನು ಮೊದಲು ಬೇರ್ಪಡಿಸಿ ಬೆಳೆಸಿದವನು ಹಾಲೆಂಡಿನ ವಿಜ್ಞಾನಿ ಬೇಯರಿಂಕ್, 1888ರಲ್ಲಿ. ಬಟಾಣಿಯಂಥ ಗಿಡಗಳಲ್ಲಿ ಬೇರಿನ ರೋಮ ಸುರುಳಿ ಸುತ್ತಿಕೊಂಡು ಇವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಶೇಂಗಾದಲ್ಲಿ ಅಷ್ಟೆಲ್ಲ ಉಪಚಾರ ಇಲ್ಲ. ಕವಲುಬೇರು ಒಡೆದು ಬರುವಾಗ ಆಗುವ ಬಿರುಕಿನಲ್ಲೇ ನುಗ್ಗುತ್ತವೆ. ಗಂಟುಗಳು ಕವಲಿನ ಬುಡದಲ್ಲೇ ಕೂತಿರುವುದು ಅದಕ್ಕೇ.

ನನಗೆ ತುಂಬಾ ಇಷ್ಟ ಆ ಕೆಂಪಿನ ಕಥೆ. ಗಾಳಿಯಲ್ಲಿ 78% ಸಾರಜನಕವೇ ಇದ್ದರೂ ಗಿಡಕ್ಕೆ ಅದನ್ನು ನೇರವಾಗಿ ಬಳಸಲು ಆಗುವುದಿಲ್ಲ. ಬ್ಯಾಕ್ಟೀರಿಯಾ ಹತ್ತಿರ ನೈಟ್ರೋಜಿನೇಸ್ ಅನ್ನೋ ಕಿಣ್ವ ಇದೆ, ಅದು ಸಾರಜನಕವನ್ನು ಗಿಡಕ್ಕೆ ದಕ್ಕುವ ಅಮೋನಿಯಾ ಮಾಡುತ್ತದೆ. ತೊಂದರೆ ಏನಂದ್ರೆ, ಆಮ್ಲಜನಕ ತಾಗಿದರೆ ಆ ಕಿಣ್ವ ಕೆಡುತ್ತದೆ. ಹಾಗಂತ ಆಮ್ಲಜನಕ ಪೂರ್ತಿ ತಡೆದರೆ ಬ್ಯಾಕ್ಟೀರಿಯಾಗೇ ಉಸಿರಿಲ್ಲ. ಆಗ ಗಿಡ ಲೆಗ್‌ಹಿಮೋಗ್ಲೋಬಿನ್ ತಯಾರಿಸುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿ ಅದು. ಆಮ್ಲಜನಕವನ್ನು ಹಿಡಿದಿಟ್ಟು, ಬೇಕಾದಷ್ಟೇ ಚೂರು ಚೂರು ತಲುಪಿಸುತ್ತದೆ. ಸೀಳಿದಾಗ ಕಾಣುವ ಬಣ್ಣ ಇದರದ್ದೇ.

ಹೂ ಬಿಡುವ ಹೊತ್ತಿಗೆ ನೀವೂ ಒಂದೆರಡು ಗಿಡ ಕಿತ್ತು ನೋಡಿ. ಒಳಗೆ ಕೆಂಪಿದ್ದರೆ ಕೆಲಸ ನಡೆದಿದೆ. ಬೆಳ್ಳಗಿದ್ದರೆ ಇನ್ನೂ ಎಳೆಯದು, ಇಲ್ಲವೇ ಸುಮ್ನೆ ಕೂತು ತಿನ್ನುವ ಗಿರಾಕಿ. ಹಸಿರಾಗಿದ್ದರೆ ಅದರ ಕಾಲ ಮುಗಿಯಿತು.

ಪಕ್ಕದ ಹೊಲದವರು ಯೂರಿಯಾ ಜಾಸ್ತಿ ಸುರಿಯುತ್ತಾರೆ. ಅವರ ಗಿಡದಲ್ಲಿ ಗಂಟು ಕಮ್ಮಿ. ಒಂದು ಸಾರಜನಕದ ಅಣು ಒಡೆಯಲು ಏನಿಲ್ಲವೆಂದರೂ 16 ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು) ಬೇಕು, ಅದಕ್ಕೆ ಸಕ್ಕರೆ ಕೊಡಬೇಕಾದದ್ದು ಗಿಡವೇ. ಯೂರಿಯಾದ ಸಾರಜನಕ ಮಣ್ಣಲ್ಲೇ ಪುಕ್ಕಟೆ ಸಿಗುವಾಗ ಅದು ಯಾಕೆ ಖರ್ಚು ಮಾಡುತ್ತದೆ, ಅಲ್ವಾ?

ಮಾವ ಈಗ ಬಿತ್ತುವ ಮುಂಚೆ ಬೆಲ್ಲದ ಪಾಕ ಆರಿಸಿ, ರೈಜೋಬಿಯಂ ಪುಡಿ (ಇಂಥ ಗಂಟು ಕಟ್ಟುವ ಬ್ಯಾಕ್ಟೀರಿಯಾ ಇರುವ ಪುಡಿ) ಕಲಸಿ, ಬೀಜಕ್ಕೆ ಹಚ್ಚಿ ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಇದು ಕೊನೆಗೆ. ಪ್ಯಾಕೆಟ್ ಕೊಳ್ಳುವಾಗ ಯಾವ ಬೆಳೆಗೆ ಅಂತ ಬರೆದಿದೆ, ತಾರೀಖು ಮುಗಿದಿದೆಯಾ ಎರಡನ್ನೂ ನೋಡಿ. ಸೋಯಾಬೀನ್‌ದು ತಂದು ಶೇಂಗಾಕ್ಕೆ ಹಚ್ಚಿದರೆ ಗಂಟು ಕಟ್ಟುವ ನಂಬಿಕೆ ಇಲ್ಲ.