ಸಾ ಕುಮಿ ಅಂದ್ರೆ ಹತ್ತು ಗಂಟೆ ಅಲ್ಲ

ಹೋದ ಭಾನುವಾರ ಪೂಜೆ ಮುಗಿಸ್ಕೊಂಡು ನಾವು ಕನ್ನಡದವರು ಒಂದೆಂಟು ಜನ ನಗರ್ ರೋಡ್ ಕಡೆ ಇರೋ ನಮ್ಮ ಕಾನ್ವೆಂಟಿನ ವರಾಂಡದಲ್ಲಿ ಕೂತಿದ್ವಿ. ಪುಣೆಗೆ ಓದೋಕೆ ಬಂದಿರೋ ಸಿಸ್ಟರ್‌ಗಳು, ಬ್ರದರ್‌ಗಳು, ಹಾಸನದವರು, ಕೊಳ್ಳೇಗಾಲದವರು, ಬಳ್ಳಾರಿಯವರು. ಅವರಲ್ಲಿ ಒಬ್ಳು ಚಿಕ್ಕ ಸಿಸ್ಟರ್, 25 ವರ್ಷ, ಮುಂದಿನ ತಿಂಗಳು ಆಫ್ರಿಕಾದ ಟಾಂಜಾನಿಯಾಕ್ಕೆ ಹೊರಟಿದಾಳೆ, ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದ್ಲು, "ಸಿಸ್ಟರ್, ಅಲ್ಲಿ ದಿನಾ ಬೆಳಗ್ಗಿಂದ ಸಂಜೆ ತನಕ ನೀವು ಏನ್ ಮಾಡ್ತಿದ್ರಿ?"

ಅವತ್ತು ಸರಿಯಾಗಿ ಹೇಳೋಕೆ ಆಗ್ಲಿಲ್ಲ. ಮಿಷನ್ ಅಂದ ತಕ್ಷಣ ಎಲ್ರೂ ದೊಡ್ಡ ದೊಡ್ಡದನ್ನೇ ನೆನೆಸ್ಕೋತಾರೆ, ಉಪದೇಶ, ಜನರ ಗುಂಪು, ಕಾಡು. ಟಾಂಜಾನಿಯಾದಲ್ಲಿ ನಾನಿದ್ದ ಮೂರು ವರ್ಷದಲ್ಲಿ ಹೆಚ್ಚು ಹೊತ್ತು ಹೋಗಿದ್ದು ಜನರಿಗೆ ನಮಸ್ಕಾರ ಹೇಳೋದ್ರಲ್ಲಿ, ಅವರು ಹೇಳಿದ್ದು ಅರ್ಥ ಮಾಡ್ಕೊಳೋದ್ರಲ್ಲಿ. ಅವಳಿಗೋಸ್ಕರ ಈಗ ಕೂತು ಬರೀತಿದೀನಿ.

ನಾನು ಇದ್ದದ್ದು ಮುಸೋಮಾ ಕಡೆ, ವಿಕ್ಟೋರಿಯಾ ಸರೋವರದ ದಡದಲ್ಲಿ. ಬೆಳಗ್ಗೆ 5ಕ್ಕೆ ಏಳೋದು, ಕತ್ತಲಲ್ಲೇ ಸೋಲಾರ್ ಲ್ಯಾಂಪ್ ಹಚ್ಕೊಂಡು ಮುಖ ತೊಳ್ಕೊಂಡು ಧ್ಯಾನ, ಬೆಳಗಿನ ಪ್ರಾರ್ಥನೆ, ಪೂಜೆ. ಅದಾದ್ಮೇಲೆ ಉಜಿ, ಅಂದ್ರೆ ಗಂಜಿ. ಮೊದಲನೇ ದಿನ ಕಪ್ಪಲ್ಲಿ ಕಂದು ಬಣ್ಣದ ಗಂಜಿ ಕೊಟ್ಟಾಗ ಒಂದು ಗುಟುಕು ಕುಡಿದು ಹಂಗೇ ಕೂತ್ಬಿಟ್ಟೆ, ಅದು ರಾಗಿ ಗಂಜಿ! ಅವರ ಸ್ವಾಹಿಲಿ ಭಾಷೇಲಿ ರಾಗಿಗೆ ಉಲೇಜಿ ಅಂತಾರೆ. ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ಸೀಮೆಯದ್ದೇ, ಅಲ್ಲಿಂದ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂದಿದ್ದು ಅಂತ ಆಮೇಲೆ ಗೊತ್ತಾಯ್ತು. ನಮ್ಮವ್ವ ಹಾಸನದಲ್ಲಿ ಫೋನ್ ಹಿಡ್ಕೊಂಡು "ಅಲ್ಲಿ ಏನ್ ತಿಂತೀಯೋ ಮಗಳೇ" ಅಂತ ಅಳ್ತಿದ್ದಾಗ ನಾನು "ಅವ್ವ, ರಾಗಿ ಗಂಜಿ ಕುಡಿದೆ, ಮಧ್ಯಾಹ್ನ ಮುದ್ದೆ" ಅಂದೆ, ಅವರು ನಂಬಲೇ ಇಲ್ಲ. ಮುದ್ದೆ ಅಂದ್ರೆ ಅಲ್ಲಿ ಉಗಾಲಿ, ಮೆಕ್ಕೆಜೋಳದ ಹಿಟ್ಟಿಂದು, ಬಿಳೀ ಬಣ್ಣ, ಕೈಯಲ್ಲಿ ಮುರಿದು ಉಂಡೆ ಮಾಡಿ ಹೆಬ್ಬೆಟ್ಟಲ್ಲಿ ಗುಳಿ ಒತ್ತಿ ಸಾರಲ್ಲಿ ಅದ್ದಿ ತಿನ್ನೋದು. ಜೊತೆಗೆ ದಗಾ, ಸರೋವರದ ಸಣ್ಣ ಮೀನು, ದಡದ ಮರಳ ಮೇಲೆ ಒಣಗ್ಸಿರ್ತಾರೆ.

ನಾನು ನರ್ಸ್. ಬೆಳಗ್ಗೆ ಡಿಸ್ಪೆನ್ಸರಿಗೆ ನಡ್ಕೊಂಡು ಹೋಗೋದು ಹತ್ತೇ ನಿಮಿಷದ ದಾರಿ, ಆದ್ರೆ ಅರ್ಧ ಗಂಟೆ ಮುಂಚೆ ಹೊರಡಬೇಕಿತ್ತು. ಯಾಕಂದ್ರೆ ದಾರೀಲಿ ಸಿಕ್ಕವರ ಜೊತೆ ನಿಂತು ಮಾತಾಡದೆ ಮುಂದೆ ಹೋಗೋ ಹಾಗಿಲ್ಲ. ರಾತ್ರಿ ಹೇಗಿತ್ತು, ಮನೆ ಹೇಗಿದೆ, ಮಕ್ಕಳು ಹೇಗಿದಾರೆ, ಕೆಲಸ ಹೇಗಿದೆ, ಒಂದೊಂದಕ್ಕೂ "ಎನ್‌ಜೂರಿ" ಅಂತ ಉತ್ತರ, ಚೆನ್ನಾಗಿದೆ ಅಂತ, ಮನೇಲಿ ಯಾರಾದ್ರೂ ಕಾಯಿಲೆ ಬಿದ್ದು ಮಲಗಿದ್ರೂ ಮೊದಲು ಎನ್‌ಜೂರಿ ಅಂದು ಆಮೇಲೆ ಕಷ್ಟ ಹೇಳೋದು. ವಯಸ್ಸಾದವರು ಸಿಕ್ರೆ "ಶಿಕಾಮೋ" ಅನ್ಬೇಕು, ನಿಮ್ಮ ಕಾಲು ಹಿಡೀತೀನಿ ಅಂತ ಆ ಮಾತಿನ ಮೂಲ, ಅವರು "ಮರಹಬಾ" ಅಂತಾರೆ. ಯಾರ ಮನೆಗೆ ಹೋದ್ರೂ ಅಂಗಳದಲ್ಲೇ ನಿಂತು "ಹೋಡಿ" ಅಂತ ಕೂಗ್ಬೇಕು, ಒಳಗಿಂದ "ಕರಿಬು" ಅನ್ನೋ ತನಕ ಹೆಜ್ಜೆ ಇಡೋ ಹಾಗಿಲ್ಲ. ಮೊದಮೊದಲು ನನಗೆ ಇದೆಲ್ಲ ಟೈಮ್ ವೇಸ್ಟ್ ಅನ್ಸೋದು, ಅಲ್ಲಿ ರೋಗಿಗಳು ಕಾಯ್ತಿರ್ತಾರಲ್ಲ ಅಂತ ಬೇಗ ಬೇಗ ತಲೆ ಆಡಿಸಿ ಹೋಗ್ಬಿಡ್ತಿದ್ದೆ. ನಮ್ಮ ಉಪದೇಶಿ ಒಬ್ರು, ವಯಸ್ಸಾದವರು, ಒಂದಿನ ಕರೆದು ಹೇಳಿದ್ರು, ಸಿಸ್ಟರ್, ಜನ ನಿಮಗೇನೋ ಕೋಪ ಇದೆ ಅಂದ್ಕೊಂಡಿದಾರೆ ಅಂತ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಮಕ್ಕಳು ನನ್ನ ಕಂಡ್ರೆ "ಮ್‌ಹಿಂದಿ, ಮ್‌ಹಿಂದಿ" ಅಂತ ಕೂಗ್ತಾ ಓಡಿ ಬರೋವು. ಇಂಡಿಯಾದವಳು ಅಂತ. ಅಲ್ಲಿನ ಊರುಗಳಲ್ಲಿ ಗುಜರಾತಿಗಳ ಅಂಗಡಿಗಳು ಬಹಳ ಹಿಂದಿಂದ ಇರೋದ್ರಿಂದ ನಾನೂ ಅಂಗಡಿಯವರ ಮಗಳು ಅಂತಾನೇ ತುಂಬಾ ಜನ ಅಂದ್ಕೊಂಡಿದ್ರು. ಅಂಗಡಿಗೆ ಅವರು ದುಕಾ ಅಂತಾರೆ, ದುಡ್ಡಿಗೆ ಪೇಸಾ, ಕಾರಿಗೆ ಗಾರಿ, ನಮ್ಮ ಆಟೋಗೆ ಬಜಾಜಿ. ಇವೆಲ್ಲ ಕಿವಿಗೆ ಬಿದ್ದಾಗ ಧೈರ್ಯ ಬರ್ತಿತ್ತು, ಈ ಭಾಷೆ ಸುಲಭ ಅನ್ಸ್ತಿತ್ತು. ಆ ಧೈರ್ಯದಲ್ಲೇ ನಾನು ತಪ್ಪು ಮಾಡಿದ್ದು.

ನಾನು ಹೋಗಿ ಐದು ತಿಂಗಳಾಗಿರ್ಬೇಕು. ಒಬ್ಬ ತಾಯಿ ಎರಡು ವರ್ಷದ ಮಗೂನ ಬೆನ್ನಿಗೆ ಕಾಂಗಾ ಬಟ್ಟೇಲಿ ಕಟ್ಕೊಂಡು ಬಂದ್ಲು, ಜ್ವರ ಸುಡ್ತಿತ್ತು. ಬೆರಳು ಚುಚ್ಚಿ ಒಂದು ಹನಿ ರಕ್ತ ಕಿಟ್ ಮೇಲೆ ಬಿಟ್ಟು ಕಾಯ್ತಾ ಕೂತ್ವಿ, ಎರಡು ಗೆರೆ ಮೂಡಿತು, ಮಲೇರಿಯಾ. ಮಾತ್ರೆ ನೀರಲ್ಲಿ ಕರಗಿಸಿ ಕುಡಿಸಿದ್ರೆ ಮಗು ವಾಂತಿ ಮಾಡ್ಕೊಂಡ್ತು, ಮತ್ತೆ ಕುಡಿಸಿದ್ವಿ, ನಿಂತ್ಕೊಂಡ್ತು. ಉಳಿದ ಮಾತ್ರೆ ಕೈಗೆ ಕೊಟ್ಟು, ನಾಳೆ ತಪ್ಪದೆ ಕರ್ಕೊಂಡು ಬಾ, ನಾನು ನೋಡ್ಲೇಬೇಕು, ಅಂತ ಹೇಳ್ದೆ. ಎಷ್ಟು ಗಂಟೆಗೆ ಅಂದ್ಲು. ನಾನು ಹತ್ತು ಗಂಟೆ ಅಂತ ಮನಸ್ಸಲ್ಲಿ ಇಟ್ಕೊಂಡು "ಸಾ ಕುಮಿ" ಅಂದೆ. ಸಾ ಅಂದ್ರೆ ಗಂಟೆ, ಕುಮಿ ಅಂದ್ರೆ ಹತ್ತು, ಅದು ಸರಿಯೇ.

ಮಾರನೇ ದಿನ ಹತ್ತಾಯ್ತು, ಹನ್ನೊಂದಾಯ್ತು, ಅವಳು ಬರ್ಲಿಲ್ಲ. ಊಟ ಸೇರ್ಲಿಲ್ಲ ನನಗೆ. ಸಂಜೆ ನಾಲ್ಕಕ್ಕೆ ಸರಿಯಾಗಿ ಬಾಗಿಲಲ್ಲಿ "ಹೋಡಿ" ಅಂದ್ಲು. ಮಗು ಬೆಳಗ್ಗಿಂದ ಏನೂ ಕುಡಿಯದೆ ಕತ್ತು ಜೋತುಬಿದ್ದಿತ್ತು, ತುಟಿ ಒಣಗಿತ್ತು. ನಾನು ಗಾಬರೀಲಿ, ಯಾಕಮ್ಮ ಇಷ್ಟು ಲೇಟು ಅಂತ ಜೋರು ಮಾಡ್ದೆ. ಅವಳು ಅಲ್ಲಿದ್ದ ಗಡಿಯಾರ ನೋಡಿ, ನನ್ನ ಮುಖ ನೋಡಿ, ನೀವೇ ಸಾ ಕುಮಿ ಅಂದ್ರಲ್ಲ ಸಿಸ್ಟರ್ ಅಂದ್ಲು.

ಅಲ್ಲಿ ಗಂಟೆ ಎಣಿಸೋದು ಸೂರ್ಯ ಹುಟ್ಟೋದರಿಂದ. ಭೂಮಧ್ಯರೇಖೆಗೆ ಅಷ್ಟು ಹತ್ರ ಇರೋದ್ರಿಂದ ವರ್ಷಪೂರ್ತಿ ಹಗಲು ರಾತ್ರಿ ಹೆಚ್ಚು ಕಡಿಮೆ ಒಂದೇ ಉದ್ದ. ನಮ್ಮ ಬೆಳಗ್ಗೆ 7 ಅವರಿಗೆ ಒಂದನೇ ಗಂಟೆ, ಸಾ ಮೋಜಾ. ನಮ್ಮ 10 ಅವರಿಗೆ ನಾಲ್ಕು. ಅವರ ಸಾ ಕುಮಿ ಅಂದ್ರೆ ಹಗಲಿನ ಹತ್ತನೇ ಗಂಟೆ, ನಮ್ಮ ಲೆಕ್ಕದಲ್ಲಿ ಸಂಜೆ 4. ಭಾಷಾ ಶಾಲೆಯಲ್ಲಿ ಇದನ್ನ ಹೇಳ್ಕೊಟ್ಟಿದ್ರು, ನಾನು ಬರ್ಕೊಂಡೂ ಇದ್ದೆ. ಅವಸರದಲ್ಲಿ ಬಾಯಿಗೆ ಬಂದಿದ್ದು ಮಾತ್ರ ನನ್ನೂರಿನ ಹತ್ತು.

ಮಗೂಗೆ ಡ್ರಿಪ್ ಹಾಕಿದ್ವಿ. ರಾತ್ರಿಯೆಲ್ಲ ನಾನು ಅವಳ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ದೆ, ಜಪಸರ ಕೈಯಲ್ಲಿತ್ತು, ಒಂದು ಮಣಿಯೂ ಮುಂದಕ್ಕೆ ಹೋಗ್ತಿರ್ಲಿಲ್ಲ. ಬೆಳಗಿನ ಜಾವ ಮಗು ಅತ್ತಿತು, ಗಟ್ಟಿಯಾಗಿ, ಹಾಲಿಗೆ. ನಾನು ಅವಳ ಕೈ ಹಿಡ್ಕೊಂಡು ನನ್ನ ತಪ್ಪು, ಕ್ಷಮಿಸು ಅಂದೆ. ಅವಳು "ಪೊಲೆ, ಸಿಸ್ಟರ್" ಅಂದ್ಲು. ಈ ಪದಕ್ಕೆ ಕನ್ನಡದಲ್ಲಿ ಒಂದು ಮಾತು ಹುಡುಕಿ ಸೋತಿದೀನಿ. ಯಾರಿಗಾದ್ರೂ ನೋವಾದ್ರೆ, ಎಡವಿದ್ರೆ, ಸುಸ್ತಾಗಿದ್ರೆ, ಹೊರೆ ಹೊತ್ಕೊಂಡು ಹೋಗ್ತಿದ್ರೂ ಸಾಕು, ನೋಡಿದವರು ಪೊಲೆ ಅಂತಾರೆ. ಪಾಪ, ನಿಂಗೆ ಕಷ್ಟ ಆಯ್ತಲ್ಲ ಅನ್ನೋ ಹಾಗೆ. ಮಗು ಅವಳದ್ದು, ತಪ್ಪು ನನ್ನದು, ಆದ್ರೂ ಅವಳು ನನಗೆ ಪೊಲೆ ಅಂದ್ಲು.

ಆಮೇಲಿಂದ ನಾನು ದಾರೀಲಿ ಎಲ್ಲರ ಹತ್ರಾನೂ ನಿಲ್ತಿದ್ದೆ. ಆ ದೇಶದಲ್ಲಿ ನೂರಕ್ಕೂ ಹೆಚ್ಚು ಭಾಷೆ ಇವೆ. ಮುಸೋಮಾದಿಂದ ದೂರ ಇಲ್ಲದ ಬುಟಿಯಾಮಾದಲ್ಲಿ 1922ರಲ್ಲಿ ಹುಟ್ಟಿದ ಜೂಲಿಯಸ್ ನ್ಯೆರೆರೆ, ಅವರ ಮೊದಲನೇ ಅಧ್ಯಕ್ಷರು, ಎಲ್ಲರನ್ನೂ ಸ್ವಾಹಿಲಿಯಲ್ಲಿ ಒಟ್ಟುಗೂಡಿಸಿದವರು, ಜನ ಅವರನ್ನ ಇವತ್ತಿಗೂ ಮ್ವಾಲಿಮು, ಅಂದ್ರೆ ಮೇಷ್ಟ್ರು, ಅಂತಾನೇ ಕರೀತಾರೆ. ಆದ್ರೂ ಕೆಲವು ಅಜ್ಜಿಯರಿಗೆ ಸ್ವಾಹಿಲಿ ಬರ್ತಿರ್ಲಿಲ್ಲ, ಡಿಸ್ಪೆನ್ಸರಿ ಗುಡಿಸೋ ಅಕ್ಕ ಅವರ ಮಾತನ್ನ ನನಗೆ ತಿಳಿಸಿ ಹೇಳೋರು. ಆ ಅಕ್ಕ ರಜ ಹಾಕಿದ ದಿನ ನನ್ನ ಕೆಲಸ ಅರ್ಧ ನಿಂತುಹೋಗ್ತಿತ್ತು.

ಪುಣೆಗೆ ಬಂದ್ಮೇಲೆ ಆ ಅಕ್ಕನ ಕೆಲಸ ನನಗೆ ಸಿಕ್ಕಿದೆ. ಇಲ್ಲಿ ಕಟ್ಟಡದ ಕೆಲಸಕ್ಕೆ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಎಷ್ಟೊಂದು ಜನ ಬಂದಿದಾರೆ, ಹೆಂಗಸರಿಗೆ ಮರಾಠಿ ಅಷ್ಟಾಗಿ ಬರಲ್ಲ. ಶನಿವಾರ ನಾನು ಒಂದು ಆಸ್ಪತ್ರೆಗೆ ಹೋಗಿ ಔಷಧಿ ಕೊಡೋ ಕಿಟಕಿ ಹತ್ರ ನಿಲ್ತೀನಿ. ಮೊನ್ನೆ ಯಾದಗಿರಿ ಕಡೆಯ ಒಬ್ಬ ತಾಯಿಗೆ, ಮಗೂಗೆ ಈ ಔಷಧಿ ಬೆಳಗ್ಗೆ 8, ಮಧ್ಯಾಹ್ನ 2, ರಾತ್ರಿ 8ಕ್ಕೆ ಕೊಡಮ್ಮ ಅಂತ ಕನ್ನಡದಲ್ಲೇ ಹೇಳ್ದೆ. ಅವಳು ಸುಮ್ನೆ ನಿಂತಿದ್ಲು. ಆಮೇಲೆ "ಯಕ್ಕಾ, ನಮಗ ಗಡಿಯಾರ ತಿಳಿಯಂಗಿಲ್ರಿ, ಹೊತ್ತು ಎಲ್ಲಿ ಇದ್ದಾಗ ಕೊಡ್ಲಿ ಹೇಳ್ರಿ" ಅಂದ್ಲು. ಹೊತ್ತು ಏರಿದ ಮೇಲೆ ಒಂದು ಸಲ, ನೆತ್ತಿಯಿಂದ ಇಳಿಯೋಕೆ ಶುರುವಾದಾಗ ಒಂದು ಸಲ, ಮುಳುಗಿ ಊಟ ಆದ್ಮೇಲೆ ಒಂದು ಸಲ ಅಂದೆ. ಅವಳು ಮೂರು ಬೆರಳು ಮಡಚಿ ಮೂರನ್ನೂ ನನಗೇ ವಾಪಸ್ ಒಪ್ಪಿಸಿದ್ಲು, ಒಂದೂ ತಪ್ಪಿಲ್ಲ. ಸೀಸೆ ಸೆರಗಲ್ಲಿ ಕಟ್ಕೊಂಡು ಮಗೂನ ಹೆಗಲಿಗೆ ಹಾಕ್ಕೊಂಡು ಹೊರಟಾಗ ನನ್ನ ಬಾಯಿಂದ ತಾನಾಗೇ "ಪೊಲೆ" ಅಂತ ಬಂತು. ಅವಳು ತಿರುಗಿ ನೋಡಿ "ಬರ್ತೀನ್ರಿ ಯಕ್ಕಾ" ಅಂದ್ಲು.

ಆ ಚಿಕ್ಕ ಸಿಸ್ಟರ್‌ಗೆ ಹೊರಡೋ ತನಕ ದಿನಾ ಒಂದು ಗಂಟೆ ಸ್ವಾಹಿಲಿ ಹೇಳ್ಕೊಡ್ತೀನಿ ಅಂತ ಒಪ್ಕೊಂಡಿದೀನಿ. ನಾಳೆ ಸಾ ಕುಮಿ ನಾ ಮೋಜಾಗೆ ವರಾಂಡಕ್ಕೆ ಬಾ ಅಂತ ಹೇಳಿ ಕಳ್ಸಿದೀನಿ. ಅಂದ್ರೆ ಸಂಜೆ 5ಕ್ಕೆ.