ಎರಡು ಟಿಕೆಟ್‌ಗಳ ದುಡ್ಡು

ಮಗನಿಗೆ ಒಂದು ವರ್ಷ ತುಂಬುತ್ತಲೇ ಅವನನ್ನು ಶಿವಮೊಗ್ಗದಲ್ಲಿ ಅಮ್ಮನ ಹತ್ತಿರ ಬಿಟ್ಟು ಕ್ಯಾಲಿಫೋರ್ನಿಯಾಗೆ ವಾಪಸ್ ಬಂದಿದ್ದೆ. ನನ್ನ ಓದು ಮುಗಿಯುವುದಕ್ಕೆ ಇನ್ನೂ ಎಂಟು ತಿಂಗಳಿತ್ತು. "ಅಜ್ಜಿ ಹತ್ರ ಇದ್ರೆ ಇನ್ನೇನು ಚಿಂತೆ?" ಎಂದು ಎಲ್ಲರೂ ಹೇಳಿದರು. ನಾನೂ ನನಗೆ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಆಗಲೇ ಲೈಬ್ರರಿಯಲ್ಲಿ ಅಮೆರಿಕದ ಕಪ್ಪು ಲೇಖಕಿ ಮಾಯಾ ಏಂಜೆಲೋ ಅವರ ಆತ್ಮಕಥೆಯ ಮೂರನೇ ಸಂಪುಟ ಸಿಕ್ಕಿತು. 1976ರಲ್ಲಿ ಬಂದದ್ದು. ಒಂದು ಶನಿವಾರ ಬೆಳಗ್ಗೆ ಹಿಡಿದವಳು ಸಂಜೆಯವರೆಗೆ ಕೆಳಗಿಡಲಿಲ್ಲ.

ಮಾಯಾ ಅಂದರೆ ನಮ್ಮ ಕಡೆಯ ಹೆಸರೇ ಅನ್ನಿಸುತ್ತದೆ, ಅಲ್ವಾ? ಅವರ ಹುಟ್ಟುಹೆಸರು ಮಾರ್ಗರೀಟ್ ಜಾನ್ಸನ್. ಚಿಕ್ಕಂದಿನಲ್ಲಿ ಅಣ್ಣ ಬೇಯ್ಲಿ 'ಮಾಯಾ' ಎಂದು ಕರೆಯುತ್ತಿದ್ದ. ಏಂಜೆಲೋ ಬಂದದ್ದು ಗಂಡನ ಮನೆತನದ ಹೆಸರು ಏಂಜೆಲೋಸ್‌ನಿಂದ. ಆ ಮದುವೆ ಉಳಿಯಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಪರ್ಪಲ್ ಆನಿಯನ್ ಕ್ಲಬ್ಬಿನಲ್ಲಿ ಕೆರಿಬಿಯನ್ ದ್ವೀಪಗಳ ಕ್ಯಾಲಿಪ್ಸೋ ಹಾಡುಗಳನ್ನು ಹಾಡಲು ನಿಂತಾಗ ಈ ಹೆಸರು ಅವರದಾಯಿತು.

ಅದಕ್ಕೂ ಮೊದಲು ಅವರು ತಾಯಿ. 1945ರಲ್ಲಿ, ಮದುವೆಯಿಲ್ಲದೆ, 17ನೇ ವಯಸ್ಸಿಗೆ ಮಗ ಹುಟ್ಟಿದ. ಅಡುಗೆ ಮಾಡಿ, ಹೋಟೆಲಿನಲ್ಲಿ ಬಡಿಸಿ ಅವನನ್ನು ಸಾಕಿದರು. ಆ ಕಾಲದ ಅಮೆರಿಕದಲ್ಲಿ ಕಪ್ಪು ಹುಡುಗಿಯೊಬ್ಬಳಿಗೆ ಅದೆಷ್ಟು ಕಷ್ಟವಿತ್ತೋ. 1954ರಲ್ಲಿ 'ಪೋರ್ಗಿ ಅಂಡ್ ಬೆಸ್' ಎಂಬ ಆಪೆರಾದ, ಅಂದರೆ ಸಂಗೀತ ನಾಟಕದ, ತಂಡ ಅವರನ್ನು ಯುರೋಪಿಗೆ ಕರೆಯಿತು. ಮಗನನ್ನು ತಾಯಿ ವಿವಿಯನ್ ಹತ್ತಿರ ಬಿಟ್ಟು ಹೊರಟರು. ವೆನಿಸ್, ಪ್ಯಾರಿಸ್, ಬೆಲ್‌ಗ್ರೇಡ್, ಕೈರೋ. ಕುಣಿತದ ಖುಷಿ ಪುಟಪುಟದಲ್ಲೂ ಇದೆ. ಅದನ್ನು ಅವರು ಮುಚ್ಚಿಡುವುದಿಲ್ಲ, ನನಗೆ ತುಂಬಾ ಹಿಡಿಸಿದ್ದೂ ಅದೇ.

ಆಮೇಲೆ ಮನೆಯಿಂದ ಸುದ್ದಿ ಬರುತ್ತದೆ. ಹುಡುಗನಿಗೆ ಮೈಮೇಲೆಲ್ಲಾ ಗುಳ್ಳೆ, ಔಷಧಿಗೆ ಬಗ್ಗುತ್ತಿಲ್ಲ. ತಾಯಿ ಹೊರಡಬೇಕು. ಆದರೆ ಮಧ್ಯದಲ್ಲಿ ತಂಡ ಬಿಡುವವರು ತಮ್ಮ ಟಿಕೆಟ್ ಜೊತೆಗೆ, ತಮ್ಮ ಜಾಗಕ್ಕೆ ಬರುವವರ ಟಿಕೆಟ್ ದುಡ್ಡನ್ನೂ ಕೊಡಬೇಕಿತ್ತು. ಅಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ರೋಮ್‌ನಲ್ಲಿ ತಂಡದ ಪ್ರದರ್ಶನ ಮುಗಿಸಿ ರಾತ್ರಿ ಕ್ಲಬ್ಬಿನಲ್ಲಿ ಹಾಡಿದರು. ಹಗಲು ಡ್ಯಾನ್ಸ್ ಹೇಳಿಕೊಟ್ಟರು. ಹಾಗೆ ಕೂಡಿಸಿ, ಹಡಗು ಹತ್ತಿ, ಮತ್ತೆ ರೈಲು ಹತ್ತಿ ಮಗನನ್ನು ಸೇರಿದರು.

ಅಲ್ಲಿಗೆ ನಾನು ಪುಸ್ತಕ ಮುಚ್ಚಿಬಿಟ್ಟೆ. ಅಳು ಬಂತು. ಅವನೂ ಅಜ್ಜಿ ಹತ್ತಿರವೇ ಇದ್ದನಲ್ಲ! ಅಜ್ಜಿ ಏನೂ ಕಡಿಮೆ ಮಾಡಿರಲಿಲ್ಲ. ಆದರೂ ಆ ಮೈ ಅಮ್ಮನನ್ನು ಕೇಳುತ್ತಿತ್ತು.

ಉಳಿದ ಪುಟಗಳನ್ನು ಊಟದ ಮೇಲೆ ಓದಿದೆ. ಅವರು ಮುಂದೆ ಹವಾಯಿಗೆ ಹಾಡಲು ಹೋದಾಗ ಮಗ ಜೊತೆಯಲ್ಲೇ ಇದ್ದ.

ರಾತ್ರಿ ಶಿವಮೊಗ್ಗಕ್ಕೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಭಾನುವಾರ ಬೆಳಗ್ಗೆ. ಮಗ ಒಂದು ಕ್ಷಣ ನನ್ನನ್ನೇ ನೋಡಿ, ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ.

"ಅಮ್ಮಾ, ಅವನ ಪಾಸ್‌ಪೋರ್ಟ್ ಎಲ್ಲಿಟ್ಟಿದೀಯ?" ಎಂದು ಕೇಳಿದೆ.

"ಬೀರುವಿನಲ್ಲಿದೆ ಕಣೇ. ಯಾಕೆ?" ಅಂದಳು.