ದೇವಗಂಗೆಯನ್ನು ಬೇಸಿಗೆಯಲ್ಲಿಯೇ ನೋಡಬೇಕು

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ‘ನಗರ’ ಎಂಬ ಊರಿನ ಕೋಟೆಯನ್ನು ನೋಡಲು ಬರುವ ಹೆಚ್ಚಿನವರು ಅಲ್ಲಿ ಒಂದೆರಡು ತಾಸು ಸುತ್ತಾಡಿ, ಕೆಳದಿ ಅರಸರ ಕೊಳಗಳಿರುವ ದೇವಗಂಗೆಗೆ ಹೋಗದೆಯೇ ಕೊಡಚಾದ್ರಿಯ ದಾರಿ ಹಿಡಿಯುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಮನೆಮಂದಿಯೊಂದಿಗೆ ಎರಡನೆಯ ಸಲ ಹೋಗಿ ಬಂದ ಮೇಲೆ, ಹಾಗೆ ಮಾಡಬೇಡಿರೆಂದು ಹೇಳಬೇಕೆನಿಸಿದೆ.

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರಗಳ ಮೂಲಕ ನಗರಕ್ಕೆ ಸುಮಾರು 85 ಕಿ.ಮೀ. ಆಗುತ್ತದೆ. ಬಸ್ಸಿನಲ್ಲಿ ಬರುವವರು ನಗರದಲ್ಲಿ ಇಳಿದು, ದೇವಗಂಗೆಯಿರುವ ಬಸವನಬ್ಯಾಣದವರೆಗಿನ ಉಳಿದ ಕೆಲವು ಕಿಲೋಮೀಟರಿಗೆ ಆಟೊ ಮಾಡಿಕೊಳ್ಳುವುದು ಅನುಕೂಲ. ಹಿಂತಿರುಗುವ ಹೊತ್ತನ್ನೂ ಆಟೊದವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ನಾವು ಅದನ್ನು ಮರೆತು, ಮೊಬೈಲ್ ಸಿಗ್ನಲ್ಲೂ ಸಿಗದೆ, ನಿದ್ದೆಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಗರದವರೆಗೆ ನಡೆದೆವು.

ಕೋಟೆಯ ಮೇಲೆ ನೆರಳು ಕಡಿಮೆಯಿರುವುದರಿಂದ ಬಿಸಿಲೇರುವ ಮೊದಲೇ ಅದನ್ನು ಮುಗಿಸಿಕೊಳ್ಳಿ. ಹಿಂದೆ ಬಿದನೂರೆಂದು ಹೆಸರಾಗಿದ್ದ ಈ ರಾಜಧಾನಿಯನ್ನು 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಗೆದ್ದುಕೊಂಡ ಹೈದರಾಲಿಯು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟನು. ಜನರ ಬಾಯಲ್ಲಿ ಅದರ ಬಾಲವಷ್ಟೇ ಉಳಿದಿದೆ.

ಮಧ್ಯಾಹ್ನವನ್ನೆಲ್ಲ ದೇವಗಂಗೆಗೆ ಮೀಸಲಿಡಿ. ಅಲ್ಲಿರುವುದು ಒಂದು ಕೊಳವಲ್ಲ, ಬೇರೆ ಬೇರೆ ಆಕಾರ ಮತ್ತು ಗಾತ್ರಗಳ ಏಳು ಕೊಳಗಳು, ಜೊತೆಗೆ ಶಿವನ ಗುಡಿ. ಗುಡ್ಡದ ಕಡೆಯಿಂದ ಇಳಿದು ಬರುವ ನೀರು ಅವುಗಳಲ್ಲಿ ಹಾದು ಹೊರಕ್ಕೆ ಹರಿಯುತ್ತಲೇ ಇರುತ್ತದೆ. ನಮ್ಮ ಮನೆಯ ಬಾವಿಯ ತಳ ಕಾಣುತ್ತಿದ್ದ ಆ ದಿನಗಳಲ್ಲಿಯೂ ಇಲ್ಲಿಯ ಹರಿವು ನಿಂತಿರಲಿಲ್ಲ. ಬೇಸಿಗೆಯ ವಿಹಾರಕ್ಕೆಂದು ಅರಸರು ಇದೇ ಜಾಗವನ್ನು ಏಕೆ ಆರಿಸಿಕೊಂಡರೆಂಬುದು ಮೆಟ್ಟಿಲ ಮೇಲೆ ಕುಳಿತು ನೀರಿಗೆ ಕಾಲು ಇಳಿಬಿಟ್ಟಾಗ ತಿಳಿಯಿತು. ಇದಕ್ಕೂ ಮೊದಲು ಶ್ರಾವಣದಲ್ಲಿ ಬಂದಿದ್ದಾಗ ನಾನು ನೋಡಿದ್ದು ಮಳೆಯನ್ನು ಮಾತ್ರ, ಜೊತೆಗೆ ಕಾಲಿಗೆ ಹತ್ತಿದ ಇಂಬಳಗಳನ್ನು. ಆ ಕಾಲದಲ್ಲಿಯೇ ಬರಬೇಕಾದವರು ಸುಣ್ಣವನ್ನೋ ಉಪ್ಪನ್ನೋ ಜೇಬಿನಲ್ಲಿಟ್ಟುಕೊಳ್ಳಬೇಕು, ಪಾಚಿಗಟ್ಟಿದ ಕಲ್ಲಿನ ಮೇಲೆ ಚಪ್ಪಲಿಯನ್ನು ನಂಬಬಾರದು.

ಕೊಳಕ್ಕಿಳಿದು ಸೋಪು ಹಚ್ಚಿ ಮೀಯುವ ಪ್ರವಾಸಿಗರನ್ನು ಕಂಡು ನನಗೆ ಸಂಕಟವಾಯಿತು. ಹರಿಯುವ ನೀರೆಂದ ಮಾತ್ರಕ್ಕೆ ಕೊಳೆ ಮಾಯವಾಗುವುದಿಲ್ಲ, ಅದು ಕೆಳಗಿನವರಿಗೆ ಹೋಗುತ್ತದೆ. ನಾವು ಹೋದ ದಿನ ಹತ್ತಿರದಲ್ಲಿ ತಿನ್ನಲು ಏನೂ ಸಿಗಲಿಲ್ಲವಾದ್ದರಿಂದ, ಹೊಸನಗರದಲ್ಲಿಯೇ ಬುತ್ತಿ ಕಟ್ಟಿಸಿಕೊಂಡು ಹೋಗಿ, ಉಂಡ ಎಲೆಯನ್ನೂ ಪ್ಲಾಸ್ಟಿಕ್ಕನ್ನೂ ಅದೇ ಚೀಲದಲ್ಲಿ ಮರಳಿ ತನ್ನಿ.